ಬರೆದವನೇ ಒಯ್ಯಬೇಕು

ಕರಡಪ್ಪನಿಗೆ ಹೊಟ್ಟೆಕಿಚ್ಚಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಅವನನ್ನು ಬಲ್ಲವರು ಯಾರೂ ಇದನ್ನು ಹೇಳುವುದಿಲ್ಲ. ತಾನಾಯಿತು ತನ್ನ ಕೆಲಸವಾಯಿತು, ಯಾರ ತಂಟೆಗೂ ಹೋಗುವವನಲ್ಲ, ಗಟ್ಟಿಯಾಗಿ ಒಂದು ಸಲ ಸೀನಿದ್ದನ್ನೂ ಕೇಳಿದವರಿಲ್ಲ ಎನ್ನುತ್ತಾರೆ. ಅದೆಲ್ಲ ನಿಜವೇ. ಹೊಟ್ಟೆಕಿಚ್ಚೂ ನಿಜ. ಹಾಗಂತ ಕಂಡಕಂಡವರ ಮೇಲೆಲ್ಲ ಉರಿಯುವ ಕಿಚ್ಚಲ್ಲ ಅದು. ಒಬ್ಬನೇ ಒಬ್ಬನ ಮೇಲೆ, ಹೆಂಡತಿಯ ತಂಗಿಯ ಗಂಡನ ಮೇಲೆ, ಅಂದರೆ ಷಡ್ಡಕನ ಮೇಲೆ.

ಇಬ್ಬರೂ ಒಂದೇ ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದರು. ವಿದೇಶಾಂಗ ಕಚೇರಿಯ ಮೂರನೆಯ ಮಹಡಿಯಲ್ಲಿ, ಪಕ್ಕದ ಕಟ್ಟಡದ ಗೋಡೆಯನ್ನೂ ನೀರಿನ ಪೈಪನ್ನೂ ಬಿಟ್ಟು ಬೇರೇನೂ ಕಾಣದ ಕಿಟಕಿಯ ಬಳಿ ಕರಡಪ್ಪನ ಮೇಜು. ನೆಲಮಹಡಿಯಲ್ಲಿ, ಕಾರುಗಳು ಬಂದು ನಿಲ್ಲುವ ಪೋರ್ಟಿಕೋ ಪಕ್ಕದಲ್ಲೇ ಶಿಷ್ಟಾಚಾರ ವಿಭಾಗ; ಷಡ್ಡಕ ಅಲ್ಲಿಯವನು. ಕರಡಪ್ಪನದು ಬರೆಯುವ ಕೆಲಸ. ಷಡ್ಡಕನದು ಹೋಗುವ ಕೆಲಸ. ಮಂತ್ರಿಗಳು, ನಿಯೋಗದವರು ಹೊರದೇಶಕ್ಕೆ ಹೊರಟರೆ ಯಾರು ಯಾವ ಕಾರಿನಲ್ಲಿ, ಯಾರು ಯಾವ ಕುರ್ಚಿಯಲ್ಲಿ, ಯಾರ ಪೆಟ್ಟಿಗೆ ಯಾವ ಕೋಣೆಯಲ್ಲಿ ಎಂದೆಲ್ಲ ನೋಡಿಕೊಳ್ಳಲು ಇವನೂ ಹೊರಡುತ್ತಿದ್ದ. ಹಾಗೆ ಹೊರಟೂ ಹೊರಟೂ ಹನ್ನೊಂದು ದೇಶ ನೋಡಿದ್ದ. ಕರಡಪ್ಪನ ಮೇಜಿನ ಗಾಜಿನ ಕೆಳಗೂ ಒಂದು ಪ್ರಪಂಚದ ಭೂಪಟವಿತ್ತು. ಇಪ್ಪತ್ತಾರು ವರ್ಷಗಳಲ್ಲಿ ಅವನು ಆ ಪಟದ ಮುಕ್ಕಾಲು ಪಾಲು ದೇಶಗಳಿಗೆ ಪತ್ರ ಬರೆದಿದ್ದ. ಒಂದಕ್ಕೂ ಹೋಗಿರಲಿಲ್ಲ.

ಕರಡಪ್ಪ ಅವನ ಹೆಸರಲ್ಲ, ಕಚೇರಿಯವರು ಇಟ್ಟಿದ್ದು. ಕರಡು ಬರೆಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆ ವಿಭಾಗದಲ್ಲಿ ಒಂದು ಪದ್ಧತಿಯಿತ್ತು. ಯಾವ ವಿಷಯಕ್ಕೇ ಆಗಲಿ, ಸರ್ಕಾರದ ನಿಲುವು ಏನೆಂದು ಮಂತ್ರಿಗಳು ತೀರ್ಮಾನಿಸುವ ಮೊದಲು ಮೂರು ಕರಡು ಸಿದ್ಧವಾಗಬೇಕು. ಒಪ್ಪುವುದಕ್ಕೆ ಒಂದು, ಒಲ್ಲೆ ಎನ್ನುವುದಕ್ಕೆ ಒಂದು, ಯಾವುದನ್ನೂ ಹೇಳದೆ ಸೌಜನ್ಯದಿಂದ ತಪ್ಪಿಸಿಕೊಳ್ಳುವುದಕ್ಕೆ ಮತ್ತೊಂದು. ಕಚೇರಿಯ ಬಾಯಲ್ಲಿ ಇವಕ್ಕೆ ಹೂಂ, ಊಹೂಂ, ನೋಡೋಣ ಎಂದು ಹೆಸರು. ಮೂರನ್ನೂ ಒಬ್ಬನೇ ಬರೆಯಬೇಕು, ಮೂರಕ್ಕೂ ಒಂದೇ ಸಮನಾಗಿ ಜೀವ ತುಂಬಬೇಕು. ಓದಿದ ಮಂತ್ರಿಗೆ ಬರೆದವನ ಮನಸ್ಸು ಎತ್ತ ವಾಲಿದೆ ಎಂಬ ಸುಳಿವೇ ಸಿಗಬಾರದು. ಕರಡಪ್ಪನ ಹೆಮ್ಮೆಯೆಲ್ಲ ಇದೊಂದರಲ್ಲಿತ್ತು. ಅವನ ಹೂಂ ಓದಿದರೆ ಈಗಲೇ ಹೊರಡೋಣ ಎನ್ನಿಸಬೇಕು, ಊಹೂಂ ಓದಿದರೆ ಸದ್ಯ ಬಚಾವಾದೆವು ಎನ್ನಿಸಬೇಕು. ಮಂತ್ರಿಗಳು ಹತ್ತರಲ್ಲಿ ಒಂಬತ್ತು ಸಲ ನೋಡೋಣಕ್ಕೇ ಸಹಿ ಹಾಕುತ್ತಿದ್ದರು ಎನ್ನುವುದು ಬೇರೆ ಮಾತು.

ಇನ್ನು ಮನೆ. ಹೊಟ್ಟೆಕಿಚ್ಚು ಹುಟ್ಟಿದ್ದು ಕಚೇರಿಯಲ್ಲಿ ಅಲ್ಲ, ಇಲ್ಲಿ. ಕರಡಪ್ಪ, ಹೆಂಡತಿ, ಹದಿನಾರರ ಮಗಳು, ಜೊತೆಗೆ ಅತ್ತೆ. ಭಾನುವಾರ ಮಧ್ಯಾಹ್ನವಾದರೆ ನಾದಿನಿ ಗಂಡನ ಜೊತೆ ಬರುತ್ತಿದ್ದಳು. ಬಾಗಿಲ ಗಂಟೆ ಬಾರಿಸಿದ ಕೂಡಲೇ ಅತ್ತೆ ಮೊಣಕಾಲು ನೋವನ್ನೂ ಮರೆತು ಎದ್ದು, "ಅಳಿಯಂದಿರು ಬಂದ್ರು, ಕಾಫಿ ಇಡ್ರೇ" ಎನ್ನುತ್ತಿದ್ದರು. ದಿನಾ ಸಂಜೆ ಮನೆಗೆ ಬರುವ ಇನ್ನೊಬ್ಬ ಅಳಿಯನಿಗೆ ಟಿವಿಯಿಂದ ಕಣ್ಣು ಕೀಳದೆ "ಬಂದ್ರಾ" ಎಂದರೆ ಮುಗಿಯಿತು. ಕಿಟಕಿ ಪಕ್ಕದ ಕೈಯಿರುವ ಕುರ್ಚಿ ಷಡ್ಡಕನಿಗೆ. ಇಂಥದ್ದೆಂದು ಯಾರೂ ಬರೆದಿಟ್ಟಿರಲಿಲ್ಲ, ಆದರೆ ಭಾನುವಾರ ಆ ಕುರ್ಚಿಯಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ.

ಕುರ್ಚಿಯಲ್ಲಿ ಕೂತು ಷಡ್ಡಕ ಬಾಯಿ ತೆರೆದರೆ ಸಾಕು, ಮನೆ ಅವನದು. ಹೊರದೇಶದ ಮಂತ್ರಿಯೊಬ್ಬರು ಔತಣದಲ್ಲಿ ನಿದ್ದೆಹೋಗಿ ಸೂಪಿನ ಬಟ್ಟಲಿಗೆ ಟೈ ಅದ್ದಿದ್ದು, ಹಿಮ ಬಿದ್ದು ಕಾರಿನ ಬಾಗಿಲು ತೆರೆಯದೆ ರಾಯಭಾರಿಯನ್ನು ಕಿಟಕಿಯಿಂದ ಎಳೆದುಕೊಂಡಿದ್ದು, ಇಂಥವೇ. ದೊಡ್ಡ ವಿಷಯವೇನೂ ಇರುತ್ತಿರಲಿಲ್ಲ. ಆದರೆ ಕೇಳುತ್ತಿದ್ದರೆ ಆ ಸೂಪಿನ ಬಿಸಿ ನಿಮ್ಮ ಮುಖಕ್ಕೆ ತಾಗುತ್ತಿತ್ತು. ಮಗಳು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು, ಗಲ್ಲಕ್ಕೆ ಎರಡೂ ಕೈ ಕೊಟ್ಟು, "ಆಮೇಲೆ ಚಿಕ್ಕಪ್ಪ? ಆಮೇಲೆ ಏನಾಯ್ತು?" ಎನ್ನುತ್ತಿದ್ದಳು. ಆ "ಆಮೇಲೆ" ಇದೆಯಲ್ಲ, ಅದು ಕರಡಪ್ಪನ ಹೊಟ್ಟೆಗೆ ಖಾರ ಅರೆದು ಹಚ್ಚಿದ ಹಾಗಾಗುತ್ತಿತ್ತು.

ಅವಳು ಅಪ್ಪನನ್ನು ಕೇಳಿರಲಿಲ್ಲವೆಂದಲ್ಲ. ಒಂದು ಸಲ, ಹನ್ನೆರಡು ವರ್ಷದವಳಿದ್ದಾಗ, ಕಚೇರಿಗೆ ಬಂದು ಮೇಜಿನ ಭೂಪಟದ ಮೇಲೆ ಬೆರಳಿಟ್ಟು, "ಅಪ್ಪ, ಈ ದೇಶಕ್ಕೆ ನೀವು ಪತ್ರ ಬರೀತೀರಲ್ವಾ? ಅಲ್ಲಿ ಹೇಗಿರುತ್ತೆ?" ಎಂದಿದ್ದಳು. ಕರಡಪ್ಪ ಉತ್ಸಾಹದಿಂದ ಅದರ ಜನಸಂಖ್ಯೆ, ಮುಖ್ಯ ಬಂದರು, ಎರಡು ದೇಶಗಳ ನಡುವೆ ಆದ ಮೀನುಗಾರಿಕೆ ಒಪ್ಪಂದ ಎಲ್ಲವನ್ನೂ ಹೇಳಿದ. ಅವಳು ತಾಳ್ಮೆಯಿಂದ ಕೇಳಿ, "ಅದಲ್ಲಪ್ಪ. ಹೇಗಿರುತ್ತೆ?" ಎಂದಳು. ಅವನು ಅದರ ರಾಜಧಾನಿಯ ಹೆಸರು ಹೇಳಿದ. ಅವಳು ಮತ್ತೆ ಕೇಳಲಿಲ್ಲ. ಒಂದೇ ಒಂದು ಸಲ ಎಲ್ಲಿಗಾದರೂ ಹೋಗಿಬರಬೇಕು, ಬಂದು ಆ ಕೈಯಿರುವ ಕುರ್ಚಿಯಲ್ಲಿ ಕೂರಬೇಕು, ಅವಳು ನೆಲದ ಮೇಲೆ ಕೂತು "ಆಮೇಲೆ ಏನಾಯ್ತಪ್ಪ?" ಎನ್ನಬೇಕು. ನಾಲ್ಕು ವರ್ಷದಿಂದ ಅವನ ಆಸೆ ಇಷ್ಟೇ. ಬಡ್ತಿ ಗಿಡ್ತಿ ಏನೂ ಬೇಡ.

ಆ ವರ್ಷ ಸಮುದ್ರದಾಚೆಯ ಒಂದು ದೇಶದಲ್ಲಿ ಜನಮತಗಣನೆ ನಡೆಯಬೇಕಾಯಿತು. ಅದರ ಬಡಗಣ ಸೀಮೆಯವರು ನಾವು ಬೇರೆ ದೇಶವಾಗುತ್ತೇವೆ ಎಂದು ಬಹುಕಾಲದಿಂದ ಹಟ ಹಿಡಿದಿದ್ದರು. ಕೊನೆಗೆ ಸರ್ಕಾರ, ಆಗಲಿ, ಬೇರೆಯಾಗಬೇಕೋ ಬೇಡವೋ ನೀವೇ ಮತ ಹಾಕಿ ಹೇಳಿ ಎಂದಿತು. ಮತದಾನ ನ್ಯಾಯವಾಗಿ ನಡೆಯುತ್ತದೆಯೇ ಎಂದು ನೋಡಿ ಹೋಗಲು ವೀಕ್ಷಕರನ್ನು ಕಳಿಸಿ ಎಂದು ಹತ್ತಾರು ದೇಶಗಳಿಗೆ ಆಹ್ವಾನ ಬಂತು. ಇಲ್ಲಿಗೂ ಬಂತು. ಇದು ನೋಡಲು ಸುಲಭದ ಮಾತು, ಒಳಗೆ ಕಗ್ಗಂಟು. ಕಳಿಸಿದರೆ, ಹೀಗೆ ದೇಶ ಒಡೆಯುವುದನ್ನು ನೀವು ಒಪ್ಪಿದಿರಿ ಎಂದು ಕೆಲವರಿಗೆ ಕೋಪ. ಕಳಿಸದಿದ್ದರೆ, ನಮ್ಮ ಮಾತಿನ ಮೇಲೆ ನಿಮಗೆ ನಂಬಿಕೆಯಿಲ್ಲ ಎಂದು ಕರೆದವರಿಗೇ ಕೋಪ. ಫೈಲು ಮೂರನೆಯ ಮಹಡಿಗೆ ಬಂತು. ಮೂರು ಕರಡು, ಗುರುವಾರದೊಳಗೆ.

ಆ ಮಂಗಳವಾರ ಸಂಜೆ ಕರಡಪ್ಪ ಚಪ್ಪಲಿ ಬಿಡುತ್ತಿರುವಾಗಲೇ ಮಗಳು ಓಡಿಬಂದಳು. "ಅಪ್ಪ, ಗೊತ್ತಾ? ಚಿಕ್ಕಪ್ಪ ಹೋಗ್ತಿದಾರೆ! ವೀಕ್ಷಕರ ಜೊತೆ! ಜನ ಮತ ಹಾಕಿ ಒಂದು ದೇಶಾನೇ ಹುಟ್ಟಿಸೋದನ್ನ ಕಣ್ಣಾರೆ ನೋಡ್ತಾರಂತೆ!"

"ಯಾರು ಹೇಳಿದ್ದು?"

"ಚಿಕ್ಕಮ್ಮ ಫೋನ್ ಮಾಡಿದ್ರು. ಸರ್ಕಾರ ಹೂಂ ಅಂದ್ರೆ ಹೋಗೋರ ಪಟ್ಟೀಲಿ ಚಿಕ್ಕಪ್ಪನ ಹೆಸರು ಇದೆಯಂತೆ. ನಂಗೆ ದಿನಾ ಫೋನ್ ಮಾಡಿ ಹೇಳ್ತಾರಂತೆ."

ಅತ್ತೆ ಒಳಗಿನಿಂದ, "ಹೂಂ ಅನ್ನದೆ ಏನು? ಅವರನ್ನ ಬಿಟ್ರೆ ಅಂಥ ಕೆಲಸಕ್ಕೆ ಯಾರಿದಾರೆ ಆ ಆಫೀಸಲ್ಲಿ?" ಎಂದರು. ಅವರು ಬೇಕೆಂದು ಚುಚ್ಚಿದ್ದಲ್ಲ. ಅದೇ ಹೆಚ್ಚು ಚುಚ್ಚಿತು.

ಕರಡಪ್ಪ ಊಟಕ್ಕೆ ಕೂತ. ಅನ್ನವನ್ನು ಕಲಸುತ್ತಲೇ ಇದ್ದ. ಹನ್ನೊಂದು ಸಾಲದೆಂದು ಹನ್ನೆರಡನೆಯದು! ಅದೂ ತಾನು ಬರೆಯುವ ಹೂಂ ಹತ್ತಿಕೊಂಡು! ಇವನು ಮೂರನೆಯ ಮಹಡಿಯಲ್ಲಿ ಪೈಪು ನೋಡುತ್ತ ವಾಕ್ಯಕ್ಕೆ ವಾಕ್ಯ ಹೊಸೆಯಬೇಕು, ಅವನು ಅದನ್ನು ಜೇಬಿಗೆ ಹಾಕಿಕೊಂಡು ಹಾರಬೇಕು. ಹಾರಿಹೋಗಿ ಬಂದು ಇವನ ಮನೆಯಲ್ಲೇ, ಇವನ ಮಗಳಿಗೇ ಕತೆ ಹೇಳಬೇಕು. ಹೆಂಡತಿ, "ಯಾಕೆ, ಮೈ ಸರಿಯಿಲ್ವಾ?" ಎಂದಳು. "ಉಪ್ಪು ಜಾಸ್ತಿಯಾಗಿದೆ" ಎಂದ. ಪಾಪ, ಉಪ್ಪು ಹದವಾಗಿಯೇ ಇತ್ತು.

ಮರುದಿನ ಬೆಳಿಗ್ಗೆ ಅವನು ಎಲ್ಲರಿಗಿಂತ ಮೊದಲು ಕಚೇರಿಗೆ ಬಂದು ಊಹೂಂ ಬರೆಯಲು ಕೂತ. ಅವನು ಯಾವತ್ತೂ ಮೊದಲು ಬರೆಯುತ್ತಿದ್ದುದು ಹೂಂ. ಆ ದಿನ ಪೆನ್ನು ತಾನಾಗಿಯೇ ಆ ಕಡೆ ಹೋಯಿತು. ಒಂದು ಮನೆಯವರು ತಮ್ಮೊಳಗೆ ಕೂತು ತೀರ್ಮಾನಿಸುವಾಗ ಕಿಟಕಿಯಲ್ಲಿ ನಿಂತು ನೋಡುವುದೂ ಒಂದು ಮಾತು ಆಡಿದಂತೆಯೇ ಎಂದು ಬರೆದ. ನಮ್ಮ ಗೌರವವು ನಮ್ಮ ಗೈರುಹಾಜರಿಯಲ್ಲಿದೆ ಎಂದು ಬರೆದ. ಇಪ್ಪತ್ತಾರು ವರ್ಷದಲ್ಲಿ ಅಷ್ಟು ಚೆನ್ನಾಗಿ ಅವನು ಏನನ್ನೂ ಬರೆದಿರಲಿಲ್ಲ. ಒಂದು ಸಾಲೂ ಹೊಡೆದುಹಾಕಬೇಕಾಗಿ ಬರಲಿಲ್ಲ.

ಮೂರು ಪ್ಯಾರಾ ಮುಗಿಸಿ ಕೂತಾಗ ಅವನಿಗೆ ಇನ್ನೊಂದು ಹೊಳೆಯಿತು. ಇಂಥ ಊಹೂಂಗಳಲ್ಲಿ ಒಂದು ಕಳ್ಳಗಿಂಡಿ ಇರುತ್ತದೆಂದು ಆ ಕಟ್ಟಡದಲ್ಲಿ ಎಲ್ಲರಿಗೂ ಗೊತ್ತು. ಹಿಂದೆಲ್ಲ ಅಧಿಕೃತವಾಗಿ ಯಾರನ್ನೂ ಕಳಿಸುವುದಿಲ್ಲ ಎಂದು ಹೇಳಿ, ಖಾಸಗಿ ಭೇಟಿ ಎಂದು ಇಬ್ಬರನ್ನು ಮೆಲ್ಲಗೆ ಕಳಿಸಿಬಿಡುತ್ತಿದ್ದರು. ಖಾಸಗಿ ಭೇಟಿಗೆ ಹೋಗುವವರ ಪೆಟ್ಟಿಗೆ ಹೊರುವವನು ಯಾರು? ಮತ್ತೆ ಅವನೇ! ಕರಡಪ್ಪ ಹಲ್ಲು ಕಚ್ಚಿ ನಾಲ್ಕನೆಯ ಪ್ಯಾರಾ ಬರೆದ: "ಮತದಾನದ ದಿನದಂದಾಗಲಿ ಅದರ ಹಿಂದಿನ ದಿನದಂದಾಗಲಿ ಈ ಸರ್ಕಾರದ ಯಾವ ಅಧಿಕಾರಿಯೂ, ಯಾವ ನೌಕರನೂ, ಅಧಿಕೃತವಾಗಿಯಾಗಲಿ ಖಾಸಗಿಯಾಗಿಯಾಗಲಿ, ಆ ದೇಶದ ಸಾರ್ವಜನಿಕ ಸ್ಥಳದಲ್ಲಿ ಕಾಣಿಸಿಕೊಳ್ಳತಕ್ಕದ್ದಲ್ಲ ಮತ್ತು ಸದರಿ ಪ್ರಕ್ರಿಯೆಯನ್ನು ನೋಡುತ್ತಿರುವಂತೆ ತೋರುವ ಸ್ಥಿತಿಯಲ್ಲಿ ಇರತಕ್ಕದ್ದಲ್ಲ." ಬರೆದು ಓದಿಕೊಂಡ. ಇರುವೆ ನುಸುಳಲೂ ಸಂದಿಯಿರಲಿಲ್ಲ.

ಆಮೇಲೆ ಹೂಂ ಬರೆದ. ಅದರಲ್ಲಿ ತಪ್ಪೇನೂ ಇರಲಿಲ್ಲ, ಎಲ್ಲವೂ ನಿಯಮದಂತೆಯೇ ಇತ್ತು. ಓದುತ್ತಿದ್ದರೆ ಆಕಳಿಕೆ ಬರುತ್ತಿತ್ತು, ಅಷ್ಟೆ. ನೋಡೋಣಕ್ಕೂ ಅದೇ ಗತಿ.

ವಿಭಾಗದ ಮುಖ್ಯಸ್ಥೆಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಆಕೆ ಮೂರನ್ನೂ ಓದಿ, ಕನ್ನಡಕ ತೆಗೆದು, "ಊಹೂಂ ಅದ್ಭುತವಾಗಿ ಬಂದಿದೆ. ಹೂಂಗೆ ಏನಾಗಿದೆ, ಜ್ವರಾನಾ?" ಎಂದರು.

"ವಿಷಯಾನೇ ಹಾಗಿದೆ, ಮೇಡಂ."

ಆಕೆ ಕನ್ನಡಕ ಮತ್ತೆ ಹಾಕಿಕೊಂಡರು. ಇಪ್ಪತ್ತಾರು ವರ್ಷದ ನಂಬಿಕೆ, ಹೆಚ್ಚು ಕೆದಕಲಿಲ್ಲ. ಶುಕ್ರವಾರ ಮಂತ್ರಿಗಳು ಊಹೂಂಗೆ ಸಹಿ ಹಾಕಿದರು. ಸಹಿ ಹಾಕುವಾಗ, "ಕಿಟಕಿಯ ಮಾತು ಚೆನ್ನಾಗಿದೆ" ಎಂದರಂತೆ. ಕರಡಪ್ಪನಿಗೆ ಆ ಮಧ್ಯಾಹ್ನ ಹಸಿವೋ ಹಸಿವು. ಕ್ಯಾಂಟೀನಿನಲ್ಲಿ ಎರಡು ಸಲ ಬಡಿಸಿಕೊಂಡು ತಿಂದ. ತಿಂದು ಮೇಲೆ ಬಂದಮೇಲೆ, ಮೇಜಿನ ಮೇಲೆ ಬಿದ್ದಿದ್ದ ಹೂಂ ಕರಡನ್ನು ನೋಡಲು ಮಾತ್ರ ಅವನಿಗೆ ಮನಸ್ಸಾಗಲಿಲ್ಲ. ಮಡಿಸಿ ಡ್ರಾಯರಿಗೆ ತಳ್ಳಿದ.

ಸೋಮವಾರ ಷಡ್ಡಕ ಮೂರನೆಯ ಮಹಡಿಗೆ ಹತ್ತಿಬಂದ. ಎರಡು ಕೈಯಲ್ಲೂ ಚಹಾ ಲೋಟ. ಕರಡಪ್ಪ ಪೆನ್ನು ಕೆಳಗಿಟ್ಟ. ಜಗಳಕ್ಕೇ ಬಂದಿದ್ದಾನೆ ಎಂದುಕೊಂಡ. ಒಂದು ಲೆಕ್ಕದಲ್ಲಿ ಅದಕ್ಕೆ ತಯಾರಾಗಿಯೂ ಇದ್ದ.

"ಅಣ್ಣ, ನಾಲ್ಕನೇ ಪ್ಯಾರಾ ನಿಮ್ಮದೇ ತಾನೆ?" ಎಂದ ಷಡ್ಡಕ, ಒಂದು ಲೋಟ ಭೂಪಟದ ಮೇಲಿಟ್ಟು. "ಓದಿ ದಂಗಾಗಿ ಹೋದೆ. ಎರಡು ಸಲ ಓದಿದೆ. ನಮ್ಮ ಕೆಳಗಡೆಯವರಿಗೆಲ್ಲ ಓದಿ ಹೇಳಿದೆ."

"ನಿಮ್ಮ ಪ್ರವಾಸ ತಪ್ಪಿಹೋಯ್ತಲ್ಲ" ಎಂದ ಕರಡಪ್ಪ. ದನಿಯಲ್ಲಿ ಎಷ್ಟು ಬೇಕೋ ಅಷ್ಟು ವಿಷಾದ ಬೆರೆಸುವುದು ಅವನಿಗೆ ಕಷ್ಟವೇನಲ್ಲ, ಅದೇ ಅವನ ಕಸುಬು.

"ಹೋಗ್ಲಿ ಬಿಡಿ, ನಂಗೇನು, ಸಾಕಷ್ಟು ತಿರುಗಿದೀನಿ. ಇಲ್ಲಿ ಕೇಳಿ. ಊಹೂಂ ಅಂಚೆಯಲ್ಲಿ ಹೋಗೋ ಹಾಗಿಲ್ಲ. ನಮ್ಮ ಶಿಷ್ಟಾಚಾರದ ಪುಸ್ತಕದಲ್ಲಿ ಹಳೇ ನಿಯಮ ಒಂದಿದೆ. ಹೂಂ ಆದ್ರೆ ತಂತಿ ಸಾಕು. ಊಹೂಂ ಆದ್ರೆ ಒಬ್ಬ ಮನುಷ್ಯ ಕೈಯಾರೆ ಕೊಡಬೇಕು. ಅವರು ಏನಾದ್ರೂ ಕೇಳಿದ್ರೆ ಬರೆದಿರೋದಕ್ಕಿಂತ ಒಂದು ಮಾತು ಹೆಚ್ಚು ಆಡಬಾರದು, ಒಂದು ಮಾತು ಕಮ್ಮಿನೂ ಆಡಬಾರದು. ಅದಕ್ಕೆ ಬರೆದವನೇ ಒಯ್ಯಬೇಕು. ಎಷ್ಟೋ ವರ್ಷದಿಂದ ಯಾರೂ ಊಹೂಂ ಅಂದಿಲ್ಲವಲ್ಲ, ಎಲ್ಲರಿಗೂ ಮರೆತೇಹೋಗಿದೆ. ನಾನೇ ಟಿಪ್ಪಣಿ ಹಾಕಿದೆ. ಮೇಡಂ ಒಪ್ಪಿದ್ರು." ಅವನು ನಕ್ಕ. "ಅಣ್ಣ, ನೀವು ಹೋಗ್ತಿದೀರಿ!"

ಕರಡಪ್ಪ ಚಹಾ ಲೋಟ ಕೈಗೆತ್ತಿಕೊಂಡ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನಾಲ್ಕು ವರ್ಷ ಹಂಬಲಿಸಿದ್ದು ಕೊನೆಗೂ ಕೈಗೆ ಬಂತು, ಅದೂ ಇವನ ಕೈಯಿಂದಲೇ ಬರಬೇಕೆ? ಕೊಡುವ ದೊಡ್ಡಸ್ತಿಕೆಯೂ ಅವನದೇ! ಚಹಾ ಕುಡಿದ. ಅದಕ್ಕೆ ಸಕ್ಕರೆಯನ್ನೂ ಇವನಿಗೆ ಬೇಕಾದಷ್ಟೇ ಹಾಕಿಸಿಕೊಂಡು ಬಂದಿದ್ದ, ಪುಣ್ಯಾತ್ಮ.

ಮನೆಯಲ್ಲಿ ಆ ವಾರ ಕಂಡ ಮರ್ಯಾದೆಯನ್ನು ಕರಡಪ್ಪ ಮದುವೆಯಲ್ಲೂ ಕಂಡಿರಲಿಲ್ಲ. ಅತ್ತೆ ಟಿವಿ ಆರಿಸಿ, "ಅಲ್ಲಿ ಚಳಿಯಿರುತ್ತಾ?" ಎಂದು ಕೇಳಿದರು. ಹೆಂಡತಿ ಮೂರು ಅಂಗಡಿ ತಿರುಗಿ ಉಣ್ಣೆಯ ಕಾಲುಚೀಲ ತಂದಳು. ಚಕ್ರದ ಪೆಟ್ಟಿಗೆಯನ್ನು ಷಡ್ಡಕನೇ ಕೊಟ್ಟ. ಹನ್ನೊಂದು ದೇಶಗಳ ಚೀಟಿ ಅಂಟಿದ್ದ ಪೆಟ್ಟಿಗೆ; ಕರಡಪ್ಪ ಬಚ್ಚಲಮನೆಯಲ್ಲಿ ಕೂತು ಬಿಸಿನೀರು ಹಾಕಿ ಅವನ್ನೆಲ್ಲ ಉಜ್ಜಿ ತೆಗೆದ. ಹೊರಡುವ ದಿನ ಮಗಳು ಒಂದು ಸಣ್ಣ ನೋಟುಪುಸ್ತಕ ತಂದು ಅವನ ಅಂಗಿಯ ಜೇಬಿಗೆ ತಾನೇ ತುರುಕಿದಳು. "ಜನಸಂಖ್ಯೆ ಬೇಡಪ್ಪ. ಹೇಗಿರುತ್ತೆ ಅಂತ ಬರ್ಕೊಂಡು ಬನ್ನಿ" ಎಂದಳು. ಕರಡಪ್ಪ ಮೆಟ್ಟಿಲಿಳಿಯುವಾಗ ಕಾಲು ನೆಲದ ಮೇಲಿರಲಿಲ್ಲ.

ವಿಮಾನದಲ್ಲಿ ಅವನಿಗೆ ಸಿಕ್ಕಿದ್ದು ನಡುವಿನ ಸೀಟು. ಕಿಟಕಿಯ ಕಡೆ ಒಬ್ಬ ದಢೂತಿ ಆಸಾಮಿ ಪತ್ರಿಕೆ ಹರಡಿಕೊಂಡು ಕೂತಿದ್ದ. ಪರವಾಗಿಲ್ಲ, ಇಳಿದಮೇಲೆ ನೋಡಿದರಾಯಿತು ಎಂದುಕೊಂಡ. ಇಳಿದಾಗ ಶುಕ್ರವಾರ ಕತ್ತಲಾಗುತ್ತಿತ್ತು, ಮಂಜು ಬೇರೆ. ಅಲ್ಲಿಯ ವಿದೇಶಾಂಗ ಕಚೇರಿಯ ಕಾರು ಬಂದು ನೇರವಾಗಿ ಕಚೇರಿಗೇ ಕರೆದೊಯ್ದಿತು. ಪತ್ರ ತೆಗೆದುಕೊಂಡವನು ತೆಳ್ಳಗಿನ, ಅರ್ಧ ತಲೆ ನರೆತ ಮನುಷ್ಯ. ಬೆರಳಿನ ತುದಿಯಲ್ಲಿ ಶಾಯಿ ಕಲೆ. ಅವನು ಪತ್ರವನ್ನು ಓದಿದ ರೀತಿ ನೋಡಿಯೇ ಕರಡಪ್ಪನಿಗೆ ತಿಳಿಯಿತು, ಇವನೂ ತನ್ನ ಹಾಗೆ ಕರಡಿನವನೇ ಎಂದು.

"ಇದನ್ನು ಬರೆದವರು ನೀವೇನಾ?" ಎಂದ ಅವನು.

"ನಾನೇ."

"ನಾಲ್ಕನೆಯ ಪ್ಯಾರಾ ಬಹಳ ಅಚ್ಚುಕಟ್ಟಾಗಿದೆ. ಎಲ್ಲೂ ಸಂದಿಯೇ ಬಿಟ್ಟಿಲ್ಲ." ಅವನು ಮತ್ತೊಮ್ಮೆ ಓದಿದ. ಓದುತ್ತ ಓದುತ್ತ ಅವನ ಮುಖ ಸಣ್ಣಗಾಯಿತು. "ಆದರೆ... ನಿಮ್ಮ ವಿಮಾನ ಸೋಮವಾರ ಬೆಳಿಗ್ಗೆ ಅಲ್ಲವೇ? ಅದಕ್ಕೆ ಮೊದಲು ಬೇರೆ ವಿಮಾನವಿಲ್ಲ. ಮತದಾನ ಭಾನುವಾರ. ನಾಳೆ ಅದರ ಹಿಂದಿನ ದಿನ. ನೀವು ನಿಮ್ಮ ಸರ್ಕಾರದ ನೌಕರರು."

ಬರೆದಿರುವುದಕ್ಕಿಂತ ಒಂದು ಮಾತು ಹೆಚ್ಚು ಆಡುವಂತಿಲ್ಲ, ಕಮ್ಮಿಯೂ ಆಡುವಂತಿಲ್ಲ. "ಹೌದು" ಎಂದ ಕರಡಪ್ಪ.

"ನಿಮ್ಮ ಸರ್ಕಾರದ ನಿಲುವನ್ನು ನಾವು ಗೌರವಿಸುತ್ತೇವೆ" ಎಂದ ನರೆಗೂದಲಿನವನು, ನಿಜವಾದ ದುಃಖದಿಂದ.

ಗೌರವ ಎಂದರೆ ಹೇಗೆ, ಚಾಚೂ ತಪ್ಪದ ಗೌರವ. ಊರಿನ ಹೋಟೆಲುಗಳೆಲ್ಲ ಹದಿನೇಳು ದೇಶಗಳ ವೀಕ್ಷಕರಿಂದ ತುಂಬಿಹೋಗಿದ್ದವು. ಉಳಿದದ್ದು ಒಂದೇ ಕೋಣೆ, ಎರಡನೆಯ ಮಹಡಿಯಲ್ಲಿ. ಅದರ ಕಿಟಕಿಯ ನೇರ ಕೆಳಗೆ ಒಂದು ಶಾಲೆ. ಆ ಶಾಲೆಯೇ ಮತಗಟ್ಟೆ. ಒಂದು ದೇಶ ಒಡೆಯುವುದೋ ಉಳಿಯುವುದೋ ಎನ್ನುವುದನ್ನು ನೋಡಲು ಇದಕ್ಕಿಂತ ಒಳ್ಳೆಯ ಜಾಗ ಇಡೀ ಊರಿನಲ್ಲಿರಲಿಲ್ಲ. ನರೆಗೂದಲಿನವನು ತಾನೇ ಬಂದು ದಪ್ಪನೆಯ ಕಂದು ಪರದೆಯನ್ನು ಎಳೆದು, ಅಂಚಿಗೆ ಎರಡು ಪಿನ್ನು ಚುಚ್ಚಿ, ಕ್ಷಮಿಸಿ ಎಂದು ಮೂರು ಸಲ ಹೇಳಿ ಹೋದ.

ಶನಿವಾರವೆಲ್ಲ ಕರಡಪ್ಪ ಹಾಸಿಗೆಯ ಮೇಲೆ ಕೂತಿದ್ದ. ಊಟ ತಟ್ಟೆಯಲ್ಲಿ ಕೋಣೆಗೇ ಬಂತು. ಭಾನುವಾರ ಬೆಳಿಗ್ಗೆ ಸದ್ದು ಶುರುವಾಯಿತು. ಮೊದಲು ಗೇಟು ತೆರೆದ ಕಿರ್ರ್ ಸದ್ದು. ಆಮೇಲೆ ಹೆಜ್ಜೆಗಳು, ನೂರಾರು ಹೆಜ್ಜೆಗಳು. ಯಾರೋ ಹಾಡಿದರು, ಯಾರೋ ಸುಮ್ಮನಿರಿ ಎಂದು ಗದರಿದಂತಾಯಿತು. ಒಂದು ಮಗು ರಚ್ಚೆ ಹಿಡಿದು ಅಳುತ್ತಿತ್ತು, ಇದ್ದಕ್ಕಿದ್ದ ಹಾಗೆ ನಿಂತಿತು. ಒಮ್ಮೆ ಇಡೀ ಗುಂಪೇ ಹೋ ಎಂದು ನಕ್ಕಿತು. ಯಾಕೆ ನಕ್ಕರು? ಕರಡಪ್ಪ ಪರದೆಯ ಹತ್ತಿರ ಹೋಗಿ ನಿಂತ. ಹೊರಗಿನ ಓಣಿಯಲ್ಲಿ ಬೇರೆ ದೇಶದ ವೀಕ್ಷಕರು ಎದೆಯ ಮೇಲೆ ಬಿಲ್ಲೆ ತೂಗಿಸಿಕೊಂಡು ಮಾತಾಡುತ್ತ ಮೆಟ್ಟಿಲಿಳಿಯುತ್ತಿರಬೇಕು. ಬಿಲ್ಲೆಗಳು ಗುಂಡಿಗೆ ತಾಗುವ ಸದ್ದೂ ಕೇಳುತ್ತಿತ್ತು. ಹದಿನೇಳು ದೇಶದವರು! ಒಬ್ಬರ ಮುಖವನ್ನೂ ಕಾಣದೆ ಅಷ್ಟೂ ಜನರ ಮೇಲೆ ಅವನಿಗೆ ಹೊಟ್ಟೆ ಉರಿಯಿತು.

ಒಂದು ಪಿನ್ನು ಕಿತ್ತ. ಬೆರಳು ಪರದೆಯ ಅಂಚಿನ ಮೇಲೆಯೇ ಇತ್ತು. ಒಂದು ಅಂಗುಲ ಸರಿಸಿದರೆ ಸಾಕು. ಯಾರಿಗೆ ಗೊತ್ತಾಗುತ್ತದೆ? ಎದುರುಗಡೆ ನೂರು ಕ್ಯಾಮೆರಾಗಳಿರಬಹುದು, ನಿಜ. ಇದ್ದರೂ ಅವನನ್ನು ತಡೆದದ್ದು ಆ ಭಯವಲ್ಲ. ಡ್ರಾಯರಿನಲ್ಲಿ ಮಡಿಸಿಟ್ಟ ಜ್ವರದ ಹೂಂ ನೆನಪಾಯಿತು. ಇಪ್ಪತ್ತಾರು ವರ್ಷ ಮೂರಕ್ಕೂ ಸಮನಾಗಿ ಜೀವ ತುಂಬಿದ ಕೈ, ಒಂದೇ ಒಂದು ಸಲ ತಕ್ಕಡಿಯನ್ನು ಒತ್ತಿಬಿಟ್ಟಿತ್ತು. ಒತ್ತಿ ಬರೆದದ್ದಾದರೂ ನಿಜವಾಗಿ ಉಳಿಯಲಿ. ಅದನ್ನೂ ತಾನೇ ಸುಳ್ಳು ಮಾಡಿದರೆ ತನ್ನದು ಅಂತ ಇನ್ನೇನು ಉಳಿಯಿತು? ಪಿನ್ನನ್ನು ಮತ್ತೆ ಚುಚ್ಚಿ, ಮಂಚದ ಮೇಲೆ ಕೂತು, ಗೋಡೆಯ ಕಡೆ ತಿರುಗಿ ಅತ್ತುಬಿಟ್ಟ. ನೋಟುಪುಸ್ತಕ ತೆಗೆದು "ಪರದೆ ಕಂದು ಬಣ್ಣ" ಎಂದು ಬರೆದ. ಮುಂದೆ ಏನೂ ತೋಚಲಿಲ್ಲ. ಸೋಮವಾರ ಬೆಳಕು ಹರಿಯುವ ಮೊದಲೇ ಕಾರು ಬಂತು.

ವಿಮಾನ ನಿಲ್ದಾಣಕ್ಕೆ ಷಡ್ಡಕನೇ ಬಂದಿದ್ದ. ಪೆಟ್ಟಿಗೆ ತೆಗೆದುಕೊಂಡ. ಬೋಳಾಗಿದ್ದ ಅದರ ಮೈಮೇಲೆ ಒಮ್ಮೆ ಕೈಯಾಡಿಸಿ ಕಾರಿಗೆ ಹಾಕಿದ. ಕಾರು ಊರೊಳಗೆ ಬಂದಮೇಲೆ ಒಂದೇ ಮಾತು ಕೇಳಿದ.

"ಪರದೆ ಹಾಕಿದ್ರಾ ಅಣ್ಣ?"

"ಹೂಂ. ಕಿಟಕಿ ಕೆಳಗೇ ಮತಗಟ್ಟೆ. ಜನ ನಕ್ಕಿದ್ದು ಮಾತ್ರ ಕೇಳಿಸ್ತು."

"ನಂದೇ ತಪ್ಪು. ಹಿಂದಿನ ದಿನಾನೂ ಅಂತ ಬರೆದಿದ್ರಲ್ಲ, ಅದನ್ನ ಮರೆತೇಬಿಟ್ಟಿದ್ದೆ. ಶನಿವಾರ ಒಂದಾದ್ರೂ ನಿಮಗೆ ಊರು ತಿರುಗೋಕೆ ಸಿಗುತ್ತೆ ಅಂದ್ಕೊಂಡಿದ್ದೆ."

ಆ ಹಿಂದಿನ ದಿನವನ್ನು ಯಾರಿಗಾಗಿ, ಯಾಕಾಗಿ ಸೇರಿಸಿದ್ದೆಂದು ಇವನಿಗೆ ಗೊತ್ತಿದೆಯೆ? ಕರಡಪ್ಪ ಓರೆಗಣ್ಣಿನಿಂದ ನೋಡಿದ. ಷಡ್ಡಕನ ಕಣ್ಣು ರಸ್ತೆಯ ಮೇಲಿತ್ತು. ಗೊತ್ತಿತ್ತು. ಮೊದಲ ದಿನ, ಚಹಾ ಲೋಟ ಹಿಡಿದು ಮೂರು ಮಹಡಿ ಹತ್ತಿದಾಗಲೇ ಗೊತ್ತಿತ್ತು.

ಮನೆಯಲ್ಲಿ ಎಲ್ಲರೂ ಕಾದಿದ್ದರು. ಅತ್ತೆ ಬಾಗಿಲಿಗೇ ಬಂದು, "ಅಳಿಯಂದಿರು ಬಂದ್ರು, ಕಾಫಿ ಇಡ್ರೇ" ಎಂದರು. ಕಿಟಕಿ ಪಕ್ಕದ ಕೈಯಿರುವ ಕುರ್ಚಿಯಲ್ಲಿ ಕರಡಪ್ಪನನ್ನು ಕೂರಿಸಿದರು. ಷಡ್ಡಕ ಹೋಗಿ ಬಾಗಿಲ ಬಳಿಯ ಸಣ್ಣ ಸ್ಟೂಲಿನ ಮೇಲೆ ಕೂತ. ಮಗಳು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಗಲ್ಲಕ್ಕೆ ಎರಡೂ ಕೈ ಕೊಟ್ಟಳು. ನಾಲ್ಕು ವರ್ಷದಿಂದ ಅವನು ಹೇಗೆ ಬಯಸಿದ್ದನೋ ಎಲ್ಲವೂ ಹಾಗೆಯೇ ಇತ್ತು.

"ಹೇಳಿ ಅಪ್ಪ. ಹೇಗಿತ್ತು?"

"ಜನ ಬಂದಿದ್ದರು" ಎಂದ ಕರಡಪ್ಪ. "ಸಾಲಿನಲ್ಲಿ ನಿಂತಿದ್ದರು."

"ಎಂಥ ಜನ?"

ಪರದೆಯ ಮಡಿಕೆಗಳ ಹೊರತು ಬೇರೇನೂ ಅವನ ಕಣ್ಣಮುಂದೆ ಬರಲಿಲ್ಲ. ಮಗಳ ಮುಖದಲ್ಲಿ ಆ ಹಳೆಯ ತಾಳ್ಮೆ, ಹನ್ನೆರಡು ವರ್ಷದವಳಿದ್ದಾಗ ಕಂಡಿದ್ದ ತಾಳ್ಮೆ, ಮೆಲ್ಲಗೆ ಮೂಡುತ್ತಿತ್ತು. ಇನ್ನೊಂದು ಗಳಿಗೆ ಕಳೆದರೆ ಅವಳು "ಅದಲ್ಲಪ್ಪ" ಎನ್ನುತ್ತಾಳೆ. ಆಮೇಲೆ ಈ ಜನ್ಮದಲ್ಲಿ ಕೇಳುವುದಿಲ್ಲ.

"ಅಣ್ಣ, ಆ ಅಜ್ಜಿ ವಿಷಯ ಹೇಳಿ" ಎಂದ ಷಡ್ಡಕ ಸ್ಟೂಲಿನಿಂದ. "ಕಾರಲ್ಲಿ ಹೇಳ್ತಾ ಇದ್ರಲ್ಲ. ನಿಮಗೆ ಪ್ರಯಾಣದ ಸುಸ್ತು, ನಾನೇ ಹೇಳ್ಲಾ?"

ಕರಡಪ್ಪ ತಲೆಯಾಡಿಸಿದ.

"ಅಣ್ಣನ ಕೋಣೆ ಕಿಟಕಿ ಕೆಳಗೇ ಮತಗಟ್ಟೆ. ಬೆಳಿಗ್ಗೆ ಎದ್ದು ನೋಡ್ತಾರೆ, ಮೈಲಿಯುದ್ದ ಸಾಲು. ಅದರಲ್ಲಿ ಒಬ್ಬಳು ಅಜ್ಜಿ, ತೊಂಬತ್ತು ಆಗಿರಬೇಕು, ಮನೆಯಿಂದ ತನ್ನ ಕುರ್ಚೀನ ತಾನೇ ಹೊತ್ಕೊಂಡು ಬಂದಿದಾಳೆ. ಸಾಲು ಒಂದು ಹೆಜ್ಜೆ ಮುಂದೆ ಹೋದ್ರೆ ಏಳೋದು, ಕುರ್ಚೀನ ಒಂದು ಹೆಜ್ಜೆ ಎಳೆಯೋದು, ಮತ್ತೆ ಕೂರೋದು. ಹಿಂದೆ ಇದ್ದವನು ಅಜ್ಜಿ ನಾನು ಎತ್ಕೊಡ್ತೀನಿ ಅಂದ. ಅದಕ್ಕವಳು, ನೀನು ಎತ್ತಿದ್ರೆ ನಿನ್ನ ಕಡೆ ವೋಟು ಕೇಳ್ತೀಯ, ದೂರ ಹೋಗು ಅಂದ್ಲು. ಇಡೀ ಸಾಲು ಹೋ ಅಂತ ನಕ್ಕುಬಿಡ್ತು. ಅಲ್ವಾ ಅಣ್ಣ?"

"ಹೂಂ" ಎಂದ ಕರಡಪ್ಪ. ಅವರು ನಕ್ಕದ್ದು ನಿಜ. ಅದನ್ನು ಅವನೇ ಕಿವಿಯಾರೆ ಕೇಳಿದ್ದ.

ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಹೆಂಡತಿ ಕಾಫಿ ಹಿಡಿದುಕೊಂಡೇ ನಿಂತುಬಿಟ್ಟಿದ್ದಳು. ಷಡ್ಡಕ ಮುಂದುವರಿಸಿದ. ಅಜ್ಜಿ ಒಳಗೆ ಹೋದಳು, ಕುರ್ಚಿ ಹೊರಗೇ ಉಳಿಯಿತು. ಆ ಖಾಲಿ ಕುರ್ಚಿಯನ್ನು ಸಾಲಿನವರು ಯಾರೂ ಸರಿಸಲಿಲ್ಲ, ಅದರ ಮೇಲೆ ಕೂರಲೂ ಇಲ್ಲ, ಸುತ್ತ ಬಳಸಿಕೊಂಡು ಹೋದರು. ಮಂಜಿನಲ್ಲಿ ಒಂದು ಕುರ್ಚಿ. ಕರಡಪ್ಪನಿಗೆ ಅದರ ಒದ್ದೆಯಾದ ಬೆನ್ನು ಕೂಡ ಕಂಡಿತು. ಅವನು ಕೈಯಿರುವ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೂತಿದ್ದ. ಎಂಥ ಪ್ರವಾಸ! ಅಲ್ಲಿಗೆ ಹೋಗಿ ಅದನ್ನು ನೋಡಿ ಬಂದವನ ಮೇಲೆ ಅವನಿಗೆ ಸಹಿಸಲಾರದಷ್ಟು ಹೊಟ್ಟೆಕಿಚ್ಚಾಯಿತು.

ಷಡ್ಡಕ ಕಾಫಿ ಕುಡಿಯಲು ನಿಲ್ಲಿಸಿದ. ಮಗಳು ಅಪ್ಪನ ಕಡೆ ತಿರುಗಿ, ಅವನ ಮೊಣಕಾಲಿನ ಮೇಲೆ ಕೈಯಿಟ್ಟಳು.

"ಆಮೇಲೆ ಏನಾಯ್ತಪ್ಪ?"

ಕರಡಪ್ಪ ಷಡ್ಡಕನ ಮುಖ ನೋಡಿದ. ಆಮೇಲೆ ಏನಾಯಿತೆಂದು ಅವನಿಗೂ ತಿಳಿಯಬೇಕಾಗಿತ್ತು.